ಐಸ್ ಹಾಕಿ ಸ್ಟಿಕ್‌ಗೆ ಟೇಪ್: ಎಷ್ಟು ಸುತ್ತಬೇಕು, ಯಾವುದನ್ನು ಸುತ್ತಬೇಕು, ಶಾಟ್‌ಗೆ ಏನು ಲಾಭ?

ಕೆನಡಾದ ಎಡ್ಮಂಟನ್‌ನಲ್ಲಿ ಸೆಪ್ಟೆಂಬರ್ ಬಂತು ಅಂದ್ರೆ ಸಾಕು, ಐಸ್ ಹಾಕಿ ರಿಂಕ್‌ನ ತಣ್ಣನೆ ಬೆಂಚಿನ ಮೇಲೆ ಕಾಫಿ ಹಿಡಿದು ಕೂತಿರುವಾಗ ಯಾರಾದರೂ ಒಬ್ಬ ಕನ್ನಡದ ಅಪ್ಪನೋ ಅಮ್ಮನೋ ಪಕ್ಕಕ್ಕೆ ಬಂದು ಕೇಳೇ ಕೇಳುತ್ತಾರೆ. "ಈ ಟೇಪ್ ವಿಷಯ ಏನ್ರೀ? ಅಂಗಡೀಲಿ ಹತ್ತು ಥರ ನೇತುಹಾಕಿದ್ದಾರೆ. ಒಬ್ಬ ಹುಡುಗ ಸ್ಟಿಕ್‌ನ ಕೆಳಗಿನ ಬ್ಲೇಡ್ ಪೂರ್ತಿ ಸುತ್ತಿದ್ದಾನೆ, ಇನ್ನೊಬ್ಬ ತುದಿಗೆ ಮಾತ್ರ. ನಮ್ಮವನು ಯಾವುದು ಹಾಕಿದ್ರೆ ಗೋಲ್ ಹೊಡೀತಾನೆ?"

ಕೊನೆಯ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಮಿಕ್ಕಿದ್ದಕ್ಕೆ ಇದೆ.

ನಾನು ಕೊಡಗಿನವನು. ಹಾಕಿ ಅಂದ್ರೆ ನನಗೆ ಮಣ್ಣಿನ ಮೈದಾನ, ಬಿಳಿ ಚೆಂಡು, ಮಳೆ ನಿಂತ ಮೇಲಿನ ಕೆಸರು. ನಮ್ಮಲ್ಲಿ ಟೇಪ್ ಇದ್ದದ್ದು ಸ್ಟಿಕ್‌ನ ಹಿಡಿಗೆ. ಚೆಂಡು ತಾಗುವ ಕಡೆಗೆ ಯಾರಾದರೂ ಬಟ್ಟೆ ಸುತ್ತಿಕೊಂಡು ಬಂದಿದ್ದರೆ ಪೆಟ್ಟಾಗಿದೆಯಾ ಅಂತ ಕೇಳುತ್ತಿದ್ದೆವು. ಹಾಗಾಗಿ ಮಗ ಮೊದಲ ಸಲ ಐಸ್‌ಗೆ ಇಳಿದಾಗ ನಾನು ಮಾಡಿದ ಕೆಲಸ ಕೇಳಿ. ಅಂಗಡಿಯಿಂದ ಹೊಳೆಯುವ ಪಾರದರ್ಶಕ ಟೇಪ್ ತಂದು, ಬ್ಲೇಡಿಗೆ ನೀಟಾಗಿ ಸುತ್ತಿ ಕೊಟ್ಟೆ. ಐಸ್ ಮೇಲೆ ಚೆಂಡಿನ ಬದಲು ಆಡುವ ಪಕ್ ಅದರ ಮೇಲೆ ಬಾಳೆಹಣ್ಣಿನ ಸಿಪ್ಪೆ ಮೇಲೆ ಕಾಲಿಟ್ಟ ಹಾಗೆ ಜಾರಿತು. ಕೋಚ್ ಹತ್ತಿರ ಬಂದು ಮೆಲ್ಲಗೆ ಹೇಳಿದರು: ಅದು ಮೊಣಕಾಲಿನ ಪ್ಯಾಡ್ ಮೇಲಿನ ಸಾಕ್ಸ್ ಜಾರದಂತೆ ಕಟ್ಟುವ ಟೇಪ್, ಬ್ಲೇಡಿನದಲ್ಲ. ಆ ಅವಮಾನದ ಮೇಲೆ ಈ ವಿಷಯ ಕಲಿಯದೆ ವಿಧಿ ಇರಲಿಲ್ಲ.

ಮೊದಲು ಒಂದು ಮಾತು ಸ್ಪಷ್ಟ ಮಾಡಿಬಿಡುತ್ತೇನೆ. ಟೇಪ್ ಹಾಕಿದ್ರೆ ಶಾಟ್ ಜೋರಾಗುವುದಿಲ್ಲ. ಶಾಟ್‌ನ ಜೋರು ಬರುವುದು ಸ್ಟಿಕ್‌ನ ಕೋಲು ಬಾಗಿ ಮತ್ತೆ ಚಿಮ್ಮುವುದರಿಂದ, ಮೈಯ ಭಾರವನ್ನು ನೀವು ಒಂದು ಕಾಲಿಂದ ಇನ್ನೊಂದು ಕಾಲಿಗೆ ಹಾಕುವುದರಿಂದ. ಸ್ಟಿಕ್ ಮೇಲೆ 50, 65, 85 ಅಂತ ಬರೆದಿರುತ್ತಾರಲ್ಲ, ಅದು ಅದೇ ಲೆಕ್ಕ: ಕೋಲನ್ನು ಒಂದು ಅಂಗುಲ ಬಗ್ಗಿಸಲು ಎಷ್ಟು ಪೌಂಡ್ ಬಲ ಬೇಕು ಅಂತ. ಹುಡುಗನಿಗೆ ಬಗ್ಗಿಸಲಾಗದ ಗಟ್ಟಿ ಸ್ಟಿಕ್ ಕೊಟ್ಟು, ದುಬಾರಿ ಟೇಪ್ ತಂದು, ಆಮೇಲೆ ಶಾಟ್ ಹೋಗ್ತಿಲ್ಲ ಅಂದ್ರೆ ಕುಣಿಯಲಾರದವಳು ನೆಲ ಡೊಂಕು ಅಂದ ಕತೆಯೇ. ಮಗುವಿನ ತೂಕ ಪೌಂಡಿನಲ್ಲಿ ಎಷ್ಟಿದೆಯೋ ಅದರ ಸುಮಾರು ಅರ್ಧ, ಇದು ಇಲ್ಲಿ ಎಲ್ಲರೂ ಹೇಳುವ ಅಂದಾಜು. ಅದನ್ನು ಮೊದಲು ಸರಿ ಮಾಡಿಕೊಳ್ಳಿ.

ಹಾಗಾದ್ರೆ ಟೇಪ್ ಮಾಡುವುದೇನು? ಪಕ್ ಬ್ಲೇಡಿನಿಂದ ಹೇಗೆ ಬಿಡುತ್ತದೆ ಅನ್ನುವುದನ್ನು ಅದು ನಿರ್ಧರಿಸುತ್ತದೆ. ಪಕ್ ಅಂದ್ರೆ ಮೂರು ಅಂಗುಲ ಅಗಲ, ಒಂದು ಅಂಗುಲ ದಪ್ಪದ ಗಟ್ಟಿ ರಬ್ಬರ್ ಬಿಲ್ಲೆ, ತೂಕ 156ರಿಂದ 170 ಗ್ರಾಂ. ದೊಡ್ಡ ಮ್ಯಾಚ್‌ಗಳಲ್ಲಿ ಪುಟಿಯದಿರಲಿ ಅಂತ ಅದನ್ನು ಫ್ರೀಜರ್‌ನಲ್ಲಿಟ್ಟು ತರುತ್ತಾರೆ. ಈಗಿನ ಬ್ಲೇಡೋ, ಬಣ್ಣ ಹಚ್ಚಿದ ನುಣುಪು ಕಾರ್ಬನ್ ಫೈಬರ್. ತಣ್ಣಗಿನ ಒದ್ದೆ ಬಿಲ್ಲೆ, ನುಣುಪಾದ ಒದ್ದೆ ಹಲಗೆ. ಹಿಡಿತ ಎಲ್ಲಿಂದ ಬರಬೇಕು? ಟೇಪ್‌ನ ಹತ್ತಿ ಬಟ್ಟೆಯಿಂದ.

ಈ ಹಿಡಿತ ಶಾಟ್‌ಗೆ ಯಾಕೆ ಬೇಕು ಅಂದ್ರೆ, ಪಕ್ ತಿರುಗಬೇಕು. ರಿಸ್ಟ್ ಶಾಟ್ ಹೊಡೆಯುವಾಗ ಪಕ್ ಬ್ಲೇಡಿನ ಹೀಲ್ ಕಡೆಯಿಂದ, ಅಂದ್ರೆ ಕೋಲು ಸೇರುವ ಹಿಮ್ಮಡಿಯ ಕಡೆಯಿಂದ, ತುದಿಯ ಕಡೆಗೆ ಉರುಳುತ್ತಾ ಹೋಗಿ ಹಾರುತ್ತದೆ. ಉರುಳಿದರೆ ಬುಗುರಿ ಥರ ತಿರುಗುತ್ತದೆ, ತಿರುಗಿದರೆ ಗಾಳಿಯಲ್ಲಿ ಮಟ್ಟಸವಾಗಿ ಹೋಗುತ್ತದೆ. ಉರುಳದೆ ಸುಮ್ನೆ ಜಾರಿದರೆ ತಟ್ಟೆ ಎಸೆದ ಹಾಗೆ ಪಲ್ಟಿ ಹೊಡೆಯುತ್ತಾ ಎಲ್ಲೆಲ್ಲೋ ಹೋಗುತ್ತದೆ. ನಮ್ಮ ಫೀಲ್ಡ್ ಹಾಕಿ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತದೆ. ನಮ್ಮ ಕೊಡಗಿನ ವಿ.ಆರ್. ರಘುನಾಥ್ ಪೆನಾಲ್ಟಿ ಕಾರ್ನರ್‌ನಲ್ಲಿ ಡ್ರ್ಯಾಗ್ ಫ್ಲಿಕ್ ಮಾಡುತ್ತಿದ್ದದ್ದು ನೆನಪಿದೆಯಾ? ಚೆಂಡನ್ನು ಹೊಡೆಯುತ್ತಿರಲಿಲ್ಲ, ಸ್ಟಿಕ್‌ಗೆ ಅಂಟಿಸಿಕೊಂಡು ಎಳೆದುಕೊಂಡು ಬಂದು ಎಸೆಯುತ್ತಿದ್ದರು. ರಿಸ್ಟ್ ಶಾಟ್‌ನ ಮನಸ್ಸೂ ಹೆಚ್ಚುಕಡಿಮೆ ಅದೇ. ಹೊಡೆತ ಅಲ್ಲ, ಎಸೆತ. ಎಸೆಯಬೇಕಾದರೆ ಕೈಯಲ್ಲಿ ಹಿಡಿತ ಬೇಕು.

ಸ್ಟಿಕ್ ಎತ್ತಿ ಬೀಸಿ ಹೊಡೆಯುವ ಸ್ಲ್ಯಾಪ್ ಶಾಟ್‌ನಲ್ಲಿ ಈ ಹಿಡಿತದ ಪಾಲು ಕಡಿಮೆ. ಅಲ್ಲಿ ಬ್ಲೇಡ್ ಮೊದಲು ಪಕ್‌ಗಿಂತ ಸ್ವಲ್ಪ ಹಿಂದೆ ಐಸ್‌ಗೆ ಬಡಿಯುತ್ತದೆ, ಕೋಲು ಬಾಗುತ್ತದೆ, ಚಿಮ್ಮುತ್ತದೆ, ಪಕ್ ಹೊರಟುಹೋಗುತ್ತದೆ. ಬ್ಲೇಡ್ ಮತ್ತು ಪಕ್ ಜೊತೆಗಿರುವುದು ಕಣ್ಣು ಮಿಟುಕಿಸುವುದಕ್ಕಿಂತಲೂ ಕಡಿಮೆ ಹೊತ್ತು. ಸ್ನ್ಯಾಪ್ ಶಾಟ್ ಇವೆರಡರ ನಡುವೆ. ನಿಮ್ಮ ಮಗು ಯಾವ ಶಾಟ್ ಜಾಸ್ತಿ ಹೊಡೆಯುತ್ತದೆ ಅನ್ನುವುದರ ಮೇಲೆ ಟೇಪ್‌ನ ಮಹತ್ವವೂ ಏರುಪೇರಾಗುತ್ತದೆ. ಹತ್ತು ವರ್ಷದ ಒಳಗಿನ ಮಕ್ಕಳು ಹೊಡೆಯುವುದು ಬಹುತೇಕ ರಿಸ್ಟ್ ಶಾಟೇ.

ಯಾವುದನ್ನು ನೋಡಿ ಆರಿಸಬೇಕು

ನಾನು ಐದು ವಿಷಯ ನೋಡುತ್ತೇನೆ. ಪಕ್ ಮೇಲೆ ಹಿಡಿತ, ಇದು ಮೊದಲನೆಯದು. ಎರಡನೆಯದು ಬಿಡುಗಡೆ, ಅಂದ್ರೆ ಪಕ್ ಬೇಕಾದಾಗ ತಡವರಿಸದೆ ಬ್ಲೇಡ್ ಬಿಟ್ಟು ಹೋಗುತ್ತದಾ ಅಂತ. ಇವೆರಡೂ ಒಂದಕ್ಕೊಂದು ಜಗಳ. ಹಿಡಿತ ಜಾಸ್ತಿಯಾದರೆ ಬಿಡುಗಡೆ ನಿಧಾನ, ಬಿಡುಗಡೆ ಚುರುಕಾದರೆ ಹಿಡಿತ ಕಡಿಮೆ, ಎರಡನ್ನೂ ಪೂರ್ತಿ ಕೊಡುವ ಟೇಪ್ ನಾನಂತೂ ನೋಡಿಲ್ಲ. ಮೂರನೆಯದು ಮೆತ್ತಗೆ ತಡೆಯುವ ಗುಣ. ಜೋರಾಗಿ ಬಂದ ಪಾಸ್ ಬರೀ ಬ್ಲೇಡಿಗೆ ತಾಗಿದರೆ 'ಟಕ್' ಅಂತ ಪುಟಿದು ಹೋಗುತ್ತದೆ. ಟೇಪ್ ಇದ್ದರೆ ಸದ್ದೇ ಬೇರೆ, 'ಡಬ್' ಅನ್ನುತ್ತದೆ, ಪಕ್ ಅಲ್ಲೇ ನಿಲ್ಲುತ್ತದೆ. ಶಾಟ್ ವಿಷಯದಲ್ಲಿ ಇದು ಯಾಕೆ ಅಂತ ಕೇಳಬೇಡಿ, ಪಾಸ್ ಕೈಗೆ ಸಿಗದವನು ಶಾಟ್ ಹೊಡೆಯುವುದು ಏನನ್ನ?

ನಾಲ್ಕು, ಐಸ್ ಪುಡಿ. ಸ್ಕೇಟ್‌ಗಳು ಕೆರೆದ ಪುಡಿ ಟೇಪ್‌ಗೆ ಅಂಟಿ, ಕರಗಿ, ಒದ್ದೆಯಾಗಿ, ಮತ್ತೆ ಹೆಪ್ಪುಗಟ್ಟುತ್ತದೆ. ಒದ್ದೆ ಟೇಪ್ ಭಾರ. ಆ ಭಾರವೂ ಸ್ಟಿಕ್‌ನ ತುತ್ತತುದಿಯಲ್ಲಿ ಕೂರುವುದರಿಂದ ಸ್ವಲ್ಪವೇ ಇದ್ದರೂ ಕೈಗೆ ಗೊತ್ತಾಗುತ್ತದೆ. ಐದು, ದುಡ್ಡು ಮತ್ತು ಸಮಯ. ವಾರಕ್ಕೆ ಮೂರು ಸಲ ಬೆಳಿಗ್ಗೆ ಆರಕ್ಕೆ ರಿಂಕ್‌ಗೆ ಓಡುವವರಿಗೆ ಸಮಯವೇ ದುಡ್ಡಿಗಿಂತ ದುಬಾರಿ.

ಎಷ್ಟು ಸುತ್ತಬೇಕು

ಹೀಲ್‌ನಿಂದ ತುದಿಯವರೆಗೆ ಪೂರ್ತಿ ಸುತ್ತುವುದು ಎಲ್ಲಕ್ಕಿಂತ ಹಳೆಯ, ಎಲ್ಲಕ್ಕಿಂತ ಕ್ಷಮಿಸುವ ಪದ್ಧತಿ. ಪಕ್ ಬ್ಲೇಡಿನ ಎಲ್ಲಿ ತಾಗಿದರೂ ಒಂದೇ ಥರ ಹಿಡಿತ. ಕಲಿಯುವ ಮಕ್ಕಳಿಗೆ ಪಕ್ ಎಲ್ಲಿ ತಾಗುತ್ತದೆ ಅಂತ ದೇವರಿಗೂ ಗೊತ್ತಿರುವುದಿಲ್ಲ, ಹಾಗಾಗಿ ಅವರಿಗೆ ಇದೇ ಸರಿ. ಡಿಫೆನ್ಸ್ ಆಡುವವರಿಗೂ ಇದು ಹೊಂದುತ್ತದೆ. ಅವರು ಹೀಲ್ ಹತ್ತಿರ ಪಾಸ್ ತಡೆಯುತ್ತಾರೆ, ಗೋಲಿನಿಂದ ದೂರದ ನೀಲಿ ಗೆರೆಯಿಂದ ಸ್ಲ್ಯಾಪ್ ಶಾಟ್ ಹೊಡೆಯುತ್ತಾರೆ, ಬ್ಲೇಡಿಗೆ ಪೆಟ್ಟೂ ಜಾಸ್ತಿ. ಟೇಪ್ ಬ್ಲೇಡನ್ನು ಕಾಪಾಡುತ್ತದೆ ಅನ್ನುವುದನ್ನು ಮರೆಯಬೇಡಿ. ಸ್ಟಿಕ್ ಬೆಲೆ ಒಳ್ಳೆಯದಾದರೆ ಮುನ್ನೂರು ಡಾಲರ್ ದಾಟುತ್ತದೆ, ಟೇಪ್ ರೋಲ್ ಐದಾರು ಡಾಲರ್.

ತೊಂದರೆ ಏನು? ತೂಕ, ಐಸ್ ಪುಡಿ, ಖರ್ಚು. ಖರ್ಚಿನ ಲೆಕ್ಕ ನೋಡಿ. ದೊಡ್ಡವರ ಬ್ಲೇಡ್ ಸುಮಾರು 12 ಅಂಗುಲ ಉದ್ದ, ಸುತ್ತಳತೆ ಆರೂವರೆ ಅಂಗುಲ ಇಟ್ಟುಕೊಳ್ಳಿ. ಒಂದು ಅಂಗುಲದ ಟೇಪನ್ನು ಅರ್ಧ ಮೇಲೆ ಅರ್ಧ ಬರುವಂತೆ ಸುತ್ತಿದರೆ 24 ಸುತ್ತು. ಅಂದ್ರೆ 156 ಅಂಗುಲ, ಹತ್ತಿರಹತ್ತಿರ ನಾಲ್ಕು ಮೀಟರ್. ಒಂದು ರೋಲ್‌ನಲ್ಲಿ 25 ಗಜ, ಅಂದ್ರೆ 23 ಮೀಟರ್ ಇರುತ್ತದೆ. ಐದು ಸಲ ಸುತ್ತಿದರೆ ಮುಗಿಯಿತು. ಅದೇ ಕಾಲು ಭಾಗ ಮಾತ್ರ ಮೇಲೆ ಬರುವಂತೆ ಸುತ್ತಿದರೆ 16 ಸುತ್ತು ಸಾಕು, ಎರಡೂಮುಕ್ಕಾಲು ಮೀಟರ್ ಒಳಗೇ ಆಗುತ್ತದೆ. ಎಂಟು ಸಲ ಬರುತ್ತದೆ. ಇಬ್ಬರು ಮಕ್ಕಳು ಆಡುವ ಮನೆಯಲ್ಲಿ ಈ ವ್ಯತ್ಯಾಸ ಸೀಸನ್ ಕೊನೆಗೆ ಗೊತ್ತಾಗುತ್ತದೆ.

ಎರಡನೆಯ ದಾರಿ ಮಧ್ಯಕ್ಕೆ ಮಾತ್ರ. ಹೀಲ್ ಹತ್ತಿರ ಒಂದೆರಡು ಅಂಗುಲ, ತುದಿಯಲ್ಲಿ ಒಂದಂಗುಲ ಖಾಲಿ ಬಿಟ್ಟು ನಡುವೆ ಸುತ್ತುವುದು. ನನಗೆ ಕೇಳಿದರೆ ಹನ್ನೆರಡು ಹದಿಮೂರು ದಾಟಿದ, ಶಾಟ್ ಮೇಲೆ ಸ್ವಲ್ಪ ಹಿಡಿತ ಬಂದ ಹುಡುಗ ಹುಡುಗಿಯರಿಗೆ ಇದೇ ಒಳ್ಳೆಯದು. ರಿಸ್ಟ್ ಶಾಟ್ ಹೊರಡುವ ಜಾಗದಲ್ಲಿ ಟೇಪ್ ಇದೆ, ಬೇಡದ ಕಡೆ ಇಲ್ಲ. ಹಗುರ. ಐಸ್ ಪುಡಿ ಕಡಿಮೆ. ಆದರೆ ಖಾಲಿ ಬಿಟ್ಟ ಹೀಲ್ ಮೇಲೆ ಪಾಸ್ ಬಂದು ತಾಗಿದರೆ ಪುಟಿಯುತ್ತದೆ. ಅದೂ ಅಲ್ಲದೆ ಟೇಪ್‌ನ ಎರಡೂ ಅಂಚು ಬ್ಲೇಡಿನ ನಡುವೆಯೇ ಇರುವುದರಿಂದ ಬೇಗ ಬಿಚ್ಚಿಕೊಳ್ಳಲು ಶುರುವಾಗುತ್ತದೆ.

ಮೂರನೆಯದು ತುದಿಗೆ ಮಾತ್ರ, ಕೊನೆಯ ಮೂರ್ನಾಲ್ಕು ಅಂಗುಲಕ್ಕೆ. ಟಿವಿಯಲ್ಲಿ ನೋಡಿ ಮಕ್ಕಳು ಹಟ ಹಿಡಿಯುವುದು ಇದಕ್ಕೇ. ತುದಿಯಿಂದ ಶಾಟ್ ಬಿಡುವ, ಪಕ್ಕನ್ನು ತುದಿಯಲ್ಲಿ ಎಳೆದು ಎದುರಾಳಿಗೆ ಯಾಮಾರಿಸಿ ಅದೇ ಎಳೆತದಲ್ಲಿ ಹೊಡೆಯುವ ಫಾರ್ವರ್ಡ್‌ಗಳಿಗೆ ಇದರಲ್ಲಿ ಅರ್ಥ ಇದೆ. ಪಕ್ ನುಣುಪು ಭಾಗದಲ್ಲಿ ಬೇಗ ಸರಿದು, ತುದಿಗೆ ಬಂದಾಗ ಟೇಪ್ ಕಚ್ಚಿ ಹಿಡಿದು ತಿರುಗಿಸಿ ಬಿಡುತ್ತದೆ. ಒಳ್ಳೆ ಕೈ ಇದ್ದರೆ ಚೆಂದ. ಇಲ್ಲದಿದ್ದರೆ ಬ್ಲೇಡಿನ ಮುಕ್ಕಾಲು ಭಾಗ ಬರಿದಾಗಿ, ಪ್ರತಿ ಪಾಸೂ ಪುಟಿದು, ಹುಡುಗ ಬೆಂಚಿಗೆ ಬಂದು ಸ್ಟಿಕ್ ಸರಿ ಇಲ್ಲ ಅನ್ನುತ್ತಾನೆ. ನಮ್ಮ ಮನೆಯಲ್ಲಿ ಒಂದು ತಿಂಗಳು ಇದು ನಡೆಯಿತು. ನಾನು ಬಾಯಿ ಬಿಡಲಿಲ್ಲ, ಅವನೇ ಬಿಚ್ಚಿ ಪೂರ್ತಿ ಸುತ್ತಿಕೊಂಡ.

ಇನ್ನು ಟೇಪ್ ಬೇಡವೇ ಬೇಡ ಅನ್ನುವವರು. ಹಿಂದಿನ ಕಾಲದ ದೊಡ್ಡ ಆಟಗಾರ ಬಾಬಿ ಓರ್ ಬಗ್ಗೆ ಇಲ್ಲಿ ಹಳಬರು ಹೇಳುತ್ತಾರೆ, ಬ್ಲೇಡಿಗೆ ಒಂದೇ ಒಂದು ಪಟ್ಟಿ, ಕೆಲವೊಮ್ಮೆ ಅದೂ ಇಲ್ಲ. ನಿಜವೇ. ಆದರೆ ಅವರು ಬಾಬಿ ಓರ್, ಆಗಿನ ಸ್ಟಿಕ್ ಮರದ್ದು. ಮರಕ್ಕೆ ತನ್ನದೇ ಒಂದು ಒರಟು ಇರುತ್ತದೆ. ಈಗಿನ ನುಣುಪು ಬ್ಲೇಡಿನಲ್ಲಿ ನಿಮ್ಮ ಮಗ ಹಾಗೆ ಮಾಡುವುದು ಬೇಡ.

ಯಾವ ಟೇಪ್

ಮಾಮೂಲಿ ಬಟ್ಟೆ ಟೇಪ್ ಸಾಕಷ್ಟು ಒಳ್ಳೆಯದು. ಒರಟಾದ ಹತ್ತಿ ಬಟ್ಟೆ, ಒಂದು ಕಡೆ ಅಂಟು. ಇಲ್ಲಿ ಜಾಸ್ತಿ ಕಾಣುವುದು ರೆನ್‌ಫ್ರೂ ಮತ್ತು ಹೌವೀಸ್. ರೆನ್‌ಫ್ರೂ ಅನ್ನುವುದು ಒಂಟಾರಿಯೋದ ಒಂದು ಪುಟ್ಟ ಊರಿನ ಹೆಸರು, ಆ ಟೇಪ್ ಹುಟ್ಟಿದ್ದು ಅಲ್ಲೇ. ಹೌವೀಸ್ ಗಡಿಯಾಚೆ ಮಿಶಿಗನ್‌ನದು. ಎರಡರಲ್ಲಿ ಯಾವುದು ಅಂತ ಡ್ರೆಸ್ಸಿಂಗ್ ರೂಮಿನಲ್ಲಿ ದೊಡ್ಡವರು ಗಂಟೆಗಟ್ಟಲೆ ವಾದ ಮಾಡುತ್ತಾರೆ, ನಮ್ಮಲ್ಲಿ ಯಾವ ಹೋಟೆಲಿನ ದೋಸೆ ಅಂತ ಮಾಡಿದ ಹಾಗೆ. ಕೈಗೆ ಸಿಕ್ಕಿದ್ದು ತಗೊಳ್ಳಿ. ಅಗಲ ಮಾತ್ರ ನೋಡಿ. ಮಕ್ಕಳ ಬ್ಲೇಡಿಗೆ ಒಂದಂಗುಲದ್ದು ಸುತ್ತಲು ಸುಲಭ, ಸುಕ್ಕು ಬೀಳುವುದಿಲ್ಲ. ಒಂದೂವರೆ ಅಂಗುಲದ್ದು ದೊಡ್ಡವರ ಬ್ಲೇಡಿಗೆ ಬೇಗ ಆಗುತ್ತದೆ, ಆದರೆ ಬ್ಲೇಡ್ ಬಾಗಿರುವ ಕಡೆ ಸುಕ್ಕುಗಟ್ಟುತ್ತದೆ. ಸುಕ್ಕು ಇದ್ದ ಕಡೆ ಪಕ್ ತಾಗಿದರೆ ಶಾಟ್ ಪಕ್ಕಕ್ಕೆ ಹೋಗುತ್ತದೆ ಅಂತ ನನ್ನ ಮಗಳು ಹೇಳುತ್ತಾಳೆ. ಅದು ನಿಜವೋ ಅವಳ ನೆಪವೋ, ಸುಕ್ಕಿಲ್ಲದೆ ಸುತ್ತುವುದರಲ್ಲಿ ನಷ್ಟವೇನಿಲ್ಲ.

ವ್ಯಾಕ್ಸ್ ಹಚ್ಚಿದ ಬಟ್ಟೆ ಟೇಪ್ ಸ್ವಲ್ಪ ದುಬಾರಿ. ನೀರು ಹಿಡಿಯುವುದು ಕಡಿಮೆ, ಐಸ್ ಪುಡಿ ಅಂಟುವುದು ಕಡಿಮೆ, ಕೈಗೆ ಸ್ವಲ್ಪ ಅಂಟಂಟು. ಮಾಮೂಲಿ ಟೇಪ್ ತಗೊಂಡು ಅದರ ಮೇಲೆ ನೀವೇ ವ್ಯಾಕ್ಸ್ ಉಜ್ಜಿದರೂ ಇದೇ ಕೆಲಸ ಆಗುತ್ತದೆ. ಹಾಕಿ ಅಂಗಡಿಯಲ್ಲಿ ಪಕ್ ಆಕಾರದ ವ್ಯಾಕ್ಸ್ ಗಟ್ಟಿ ಸಿಗುತ್ತದೆ, ಒಂದು ಗಟ್ಟಿ ತಂದರೆ ಒಬ್ಬ ಹುಡುಗನಿಗೆ ಸೀಸನ್ ಪೂರ್ತಿ ಸಾಕು. ಬಜೆಟ್ ಬಿಗಿ ಇದ್ದವರಿಗೆ ನಾನು ಹೇಳುವುದು ಇದೇ: ಮಾಮೂಲಿ ಟೇಪ್, ಮೇಲೆ ವ್ಯಾಕ್ಸ್. ಕೈಯಿಂದ ಉಜ್ಜಿ ಬಿಸಿ ಮಾಡಿದರೆ ವ್ಯಾಕ್ಸ್ ಬಟ್ಟೆಯ ಎಳೆಯೊಳಗೆ ಇಳಿಯುತ್ತದೆ. ಮಂದವಾಗಿ ಬಳಿಯಬೇಡಿ, ಆಗ ಪಕ್ ಬಿಡುವುದೇ ಇಲ್ಲ.

ಇದಕ್ಕೆ ಪೂರ್ತಿ ಉಲ್ಟಾ ಒಂದು ಪದ್ಧತಿ ಇದೆ. ನಮ್ಮ ಊರಿನ ದೇವರು ವೇಯ್ನ್ ಗ್ರೆಟ್ಸ್‌ಕಿ, 1979ರಿಂದ 1988ರವರೆಗೆ ಎಡ್ಮಂಟನ್ ಆಯಿಲರ್ಸ್ ತಂಡಕ್ಕೆ ಇಲ್ಲಿನ ದೊಡ್ಡ ವೃತ್ತಿಪರ ಲೀಗ್ ಎನ್‌ಎಚ್‌ಎಲ್‌ನಲ್ಲಿ ಆಡಿದವರು, ಬ್ಲೇಡಿನ ಟೇಪ್ ಮೇಲೆ ಮಕ್ಕಳ ಪೌಡರ್ ಹಾಕುತ್ತಿದ್ದರು. ಅಂಟು ಹೋಗಲಿ, ಪಕ್ ತಡೆಯದೆ ಸರಿಯಲಿ ಅಂತ. ಅದೇ ಆಟ, ಒಬ್ಬರು ಅಂಟು ಬೇಕು ಅಂತ ವ್ಯಾಕ್ಸ್ ಉಜ್ಜುತ್ತಾರೆ, ಇನ್ನೊಬ್ಬರು ಅಂಟು ಬೇಡ ಅಂತ ಪೌಡರ್ ಹಾಕುತ್ತಾರೆ. ಹಿಡಿತ ಮತ್ತು ಬಿಡುಗಡೆ ಜಗಳ ಅಂದೆನಲ್ಲ, ಅದು ಇಲ್ಲಿ ಕಣ್ಣಿಗೆ ಕಾಣುತ್ತದೆ.

ಈಚೆಗೆ ಅಂಟಿಸುವ ರಬ್ಬರ್ ಹಾಳೆಗಳು ಬಂದಿವೆ. ಸುತ್ತುವ ಕೆಲಸವಿಲ್ಲ, ಬ್ಲೇಡಿನ ಆಕಾರಕ್ಕೆ ಕತ್ತರಿಸಿ ಮುಖಕ್ಕೆ ಅಂಟಿಸುವುದು. ಬೆಲೆ ಟೇಪ್ ರೋಲ್‌ನ ಮೂರ್ನಾಲ್ಕು ಪಟ್ಟು. ಹಿಡಿತ ಚೆನ್ನಾಗಿರುತ್ತದೆ, ನೀರು ಕುಡಿಯುವುದಿಲ್ಲ, ತುಂಬಾ ದಿನ ಬಾಳುತ್ತದೆ. ಮನೆಯಲ್ಲಿ ಟೇಪ್ ಸುತ್ತಲು ಬೇಸರ ಇರುವವರಿಗೆ, ದುಡ್ಡಿನ ಚಿಂತೆ ಅಷ್ಟಿಲ್ಲದವರಿಗೆ ಒಳ್ಳೆಯದು. ನನಗೆ ಇಷ್ಟ ಆಗಲಿಲ್ಲ. ಒಂದು, ಮೊದಲ ಸಲ ಅಂಟಿಸುವಾಗ ಒಳಗೆ ಗಾಳಿ ಗುಳ್ಳೆ ಉಳಿದರೆ ಅಲ್ಲಿಂದಲೇ ಏಳುತ್ತದೆ. ಎರಡು, ಸುತ್ತಿದ ಟೇಪ್ ಬ್ಲೇಡಿನ ಕೆಳ ಅಂಚನ್ನೂ ಮುಚ್ಚುತ್ತದೆ, ಹಾಳೆ ಮುಚ್ಚುವುದಿಲ್ಲ. ಮೂರನೆಯದು ಸುಮ್ನೆ ನನ್ನ ಹಟ: ಮ್ಯಾಚ್‌ಗೆ ಮುಂಚೆ ಮಕ್ಕಳು ಒಟ್ಟಿಗೆ ಕೂತು ಟೇಪ್ ಸುತ್ತುವುದನ್ನು ನೋಡುವುದೇ ಒಂದು ಚೆಂದ. ಎನ್‌ಎಚ್‌ಎಲ್ ತಾರೆ ಸಿಡ್ನಿ ಕ್ರಾಸ್ಬಿ ತನ್ನ ಸ್ಟಿಕ್‌ಗೆ ತಾನೇ ಟೇಪ್ ಸುತ್ತಿಕೊಳ್ಳುತ್ತಾರೆ, ಸುತ್ತಿದ ಮೇಲೆ ಬೇರೆಯವರು ಮುಟ್ಟಿದರೆ ಬಿಚ್ಚಿ ಮತ್ತೆ ಸುತ್ತುತ್ತಾರೆ ಅನ್ನುವುದು ಇಲ್ಲಿ ಮಕ್ಕಳಿಗೂ ಗೊತ್ತು. ಮಡಿ ಅಂದ್ರೆ ಮಡಿ.

ಬಣ್ಣದ ಮಾತು ಬೇಗ ಮುಗಿಸುತ್ತೇನೆ. ಎನ್‌ಎಚ್‌ಎಲ್ ನಿಯಮದಲ್ಲೇ ಸ್ಟಿಕ್‌ಗೆ ಯಾವ ಬಣ್ಣದ ಟೇಪ್ ಬೇಕಾದರೂ ಸುತ್ತಬಹುದು ಅಂತಿದೆ. ಕಪ್ಪು ಟೇಪ್ ಹಾಕಿದರೆ ಕಪ್ಪು ಪಕ್ ಅದರಲ್ಲಿ ಮರೆಯಾಗಿ ಗೋಲ್‌ಕೀಪರ್‌ಗೆ ಶಾಟ್ ತಡವಾಗಿ ಕಾಣುತ್ತದೆ ಅನ್ನುತ್ತಾರೆ. ಇರಬಹುದು, ಮಕ್ಕಳ ಆಟದಲ್ಲಿ ಅದರಿಂದ ಗೋಲ್ ಆಗಿದ್ದು ನಾನು ಕಂಡಿಲ್ಲ. ಬಿಳಿಯ ಲಾಭ ಬೇರೆ. ಪಕ್ ತಾಗಿದ ಕಡೆಯೆಲ್ಲ ಕಪ್ಪು ಗುರುತು ಉಳಿಯುತ್ತದೆ. ಕಲಿಯುವವರಿಗೆ ಅದಕ್ಕಿಂತ ಒಳ್ಳೆ ಮೇಷ್ಟ್ರು ಇಲ್ಲ.

ಯಾವ ಕಡೆಯಿಂದ ಶುರು ಮಾಡಬೇಕು

ಹೆಂಚಿನ ಮನೆ ನೆನಪು ಮಾಡಿಕೊಳ್ಳಿ. ಹೆಂಚನ್ನು ಕೆಳಗಿನ ಸೂರಿನಿಂದ ಶುರು ಮಾಡಿ ಮೇಲಕ್ಕೆ ಹೊದಿಸುತ್ತಾರೆ. ಮೇಲಿನ ಹೆಂಚು ಕೆಳಗಿನದರ ಮೇಲೆ ಕೂರುತ್ತದೆ, ಮಳೆ ನೀರು ಎಲ್ಲೂ ತಡೆಯದೆ ಇಳಿಯುತ್ತದೆ. ತುದಿಯಿಂದ ಹೀಲ್ ಕಡೆಗೆ ಟೇಪ್ ಸುತ್ತಿದರೆ ಹೀಗೇ ಆಗುತ್ತದೆ. ಶಾಟ್ ಹೊಡೆಯುವಾಗ ಪಕ್ ಹೀಲ್‌ನಿಂದ ತುದಿಗೆ, ಸೂರಿನ ನೀರಿನ ಹಾಗೆ ನಯವಾಗಿ ಸರಿಯುತ್ತದೆ. ಹೀಲ್‌ನಿಂದ ತುದಿಗೆ ಸುತ್ತಿದರೆ ಹೆಂಚು ತಿರುವಿ ಹೊದಿಸಿದ ಹಾಗೆ. ಪ್ರತಿ ಸುತ್ತಿನ ಅಂಚೂ ಪಕ್‌ಗೆ ಎದುರಾಗಿ ಒಂದು ಸಣ್ಣ ಮೆಟ್ಟಿಲಾಗುತ್ತದೆ, ಪಕ್ ಜಾರುವ ಬದಲು ಉರುಳಲು ಅದು ಸಹಾಯ. ಮೊದಲನೆಯದು ಬಿಡುಗಡೆಗೆ, ಎರಡನೆಯದು ತಿರುಗುವಿಕೆಗೆ.

ಇದು ದೊಡ್ಡ ವ್ಯತ್ಯಾಸವಾ? ಅಲ್ಲ. ಒಂದು ಟೇಪ್‌ನ ದಪ್ಪವೇ ಎಷ್ಟು. ಆದರೆ ಇದಕ್ಕೆ ಖರ್ಚೇ ಇಲ್ಲವಲ್ಲ, ಹಾಗಾಗಿ ರಿಸ್ಟ್ ಶಾಟ್ ಪಲ್ಟಿ ಹೊಡೆಯುವ ಮಕ್ಕಳಿಗೆ ಹೀಲ್‌ನಿಂದ ಶುರು ಮಾಡಿ ನೋಡಿ ಅನ್ನುತ್ತೇನೆ.

ಯಾರಿಗೆ ಯಾವುದು

ಏಳು ವರ್ಷದ ಒಳಗಿನ ಮಗು, ಇನ್ನೂ ನೀಲಿ ಬಣ್ಣದ ಹಗುರ ಪಕ್‌ನಲ್ಲಿ ಆಡುತ್ತಿದೆ ಅಂದ್ರೆ ತಲೆ ಕೆಡಿಸಿಕೊಳ್ಳಬೇಡಿ. ಬಿಳಿ ಮಾಮೂಲಿ ಟೇಪ್, ಪೂರ್ತಿ, ವ್ಯಾಕ್ಸ್ ಬೇಡ. ಮಗುವಿಗೆ ಇಷ್ಟದ ಬಣ್ಣ ಇದ್ದರೆ ಅದೇ ಇರಲಿ, ಸ್ಟಿಕ್ ಹಿಡಿಯಲು ಖುಷಿಯಾದರೆ ಅಷ್ಟೇ ಸಾಕು.

ಎಂಟರಿಂದ ಹನ್ನೆರಡು, ರಿಸ್ಟ್ ಶಾಟ್ ಕಲಿಯುವ ಕಾಲ. ಟೇಪ್‌ನಿಂದ ನಿಜವಾಗಿ ಲಾಭ ಸಿಗುವುದು ಇಲ್ಲೇ. ಪೂರ್ತಿ ಸುತ್ತು, ಹೀಲ್‌ನಿಂದ ತುದಿಗೆ, ತೆಳ್ಳಗೆ ವ್ಯಾಕ್ಸ್. ಅದಕ್ಕೂ ಮೇಲಿನವರಲ್ಲಿ ಫಾರ್ವರ್ಡ್ ಆದರೆ ಮಧ್ಯಕ್ಕೆ ಮಾತ್ರ ಸುತ್ತಿ ನೋಡಲಿ, ಡಿಫೆನ್ಸ್ ಆದರೆ ಪೂರ್ತಿಯಲ್ಲೇ ಇರಲಿ. ತುದಿಗೆ ಮಾತ್ರ ಅಂತ ಹಟ ಹಿಡಿದರೆ ಪ್ರಾಕ್ಟೀಸ್‌ನಲ್ಲಿ ಬಿಡಿ, ಮ್ಯಾಚ್‌ನಲ್ಲಿ ಬೇಡ.

ಇನ್ನು ನಮ್ಮಂಥ ಅಪ್ಪಂದಿರು, ನಲವತ್ತು ದಾಟಿದ ಮೇಲೆ ಸ್ಕೇಟ್ ಕಟ್ಟಿಕೊಂಡು ಭಾನುವಾರ ರಾತ್ರಿ ಹತ್ತು ಗಂಟೆಗೆ ಆಡಲು ಹೋಗುವವರು. ನಮಗೆ ಬೇಕಾದ್ದು ಪಾಸ್ ನಿಲ್ಲಿಸಿಕೊಳ್ಳುವುದು, ಬೀಳದೆ ಮನೆಗೆ ಬರುವುದು. ಪೂರ್ತಿ ಸುತ್ತಿ, ತಿಂಗಳಿಗೊಮ್ಮೆ ಬದಲಿಸಿ, ಮುಗೀತು.

ಹೊರಗಿನ ರಿಂಕ್ ಬೇರೆ ಕತೆ. ಎಡ್ಮಂಟನ್‌ನಲ್ಲಿ ಬಡಾವಣೆಗೊಂದು ಕಮ್ಯುನಿಟಿ ಲೀಗ್, ಬಹಳಷ್ಟು ಲೀಗ್‌ಗಳಿಗೆ ಚಳಿಗಾಲದಲ್ಲಿ ಒಂದು ಬಯಲು ರಿಂಕ್. ಮೈನಸ್ 20ರಲ್ಲಿ ಟೇಪ್‌ನ ಅಂಟು ಸತ್ತೇ ಹೋಗುತ್ತದೆ, ಅಲ್ಲಿ ಕೂತು ಸುತ್ತಿದರೆ ಅಂಟುವುದೇ ಇಲ್ಲ. ಮನೆಯಲ್ಲೇ ಬೆಚ್ಚಗೆ ಸುತ್ತಿಕೊಂಡು ಹೋಗಿ. ಅಷ್ಟು ಚಳಿಯಲ್ಲಿ ಐಸ್ ಪುಡಿ ಒಣಗಿದ ಮರಳಿನ ಹಾಗಿರುತ್ತದೆ, ಒದ್ದೆ ಆಗುವುದಿಲ್ಲ, ಹಾಗಾಗಿ ವ್ಯಾಕ್ಸ್‌ನ ಅಗತ್ಯವೂ ಕಡಿಮೆ. ಮಾರ್ಚ್‌ನ ಕರಗುವ ಐಸ್‌ನಲ್ಲಿ ಮಾತ್ರ ವ್ಯಾಕ್ಸ್ ಇಲ್ಲದೆ ಆಡಬೇಡಿ. ರಸ್ತೆಯಲ್ಲಿ ಚೆಂಡಿನ ಜೊತೆ ಆಡುವವರಾದರೆ ಬ್ಲೇಡಿಗೆ ಟೇಪ್ ದಂಡ. ಡಾಂಬರು ಅರ್ಧ ಗಂಟೆಯಲ್ಲಿ ಕೆಳಗಿನ ಅಂಚನ್ನು ತಿಂದು ಹಾಕುತ್ತದೆ. ಅದಕ್ಕೆ ಅಗ್ಗದ ಪ್ಲಾಸ್ಟಿಕ್ ಬ್ಲೇಡಿನ ಸ್ಟಿಕ್ ಬೇರೆ ಇಟ್ಟುಕೊಳ್ಳಿ.

ಸುತ್ತುವಾಗ

ಹಳೆ ಟೇಪ್ ಪೂರ್ತಿ ಬಿಚ್ಚಿ. ಅದರ ಮೇಲೇ ಹೊಸದು ಸುತ್ತುವ ಸೋಮಾರಿತನ ನಾನೂ ಮಾಡಿದ್ದೇನೆ, ಬ್ಲೇಡ್ ದಪ್ಪಗಾಗಿ ಭಾರ ಆಗುತ್ತದೆ ಅಷ್ಟೇ. ಬ್ಲೇಡ್ ಒಣಗಿರಬೇಕು, ಮನೆಯ ಬಿಸಿಗೆ ಬಂದಿರಬೇಕು. ಟೇಪನ್ನು ಬಿಗಿಯಾಗಿ ಎಳೆಯುತ್ತಾ, ಒಂದೇ ಅಳತೆಯಲ್ಲಿ ಮುಂದೆ ಹೋಗಿ. ಬ್ಲೇಡ್ ಬಾಗಿದ ಕಡೆ ಸ್ವಲ್ಪ ಓರೆ ಮಾಡಿ. ತುದಿಯಲ್ಲಿ ಉಳಿದದ್ದನ್ನು ಕತ್ತರಿಯಲ್ಲಿ ಬ್ಲೇಡಿನ ಗುಂಡಗಿನ ಆಕಾರಕ್ಕೆ ಕತ್ತರಿಸಿ. ಆಮೇಲೆ ಒಂದು ಪಕ್ ತಗೊಂಡು ಎರಡೂ ಕಡೆ ಗಟ್ಟಿಯಾಗಿ ಉಜ್ಜಿ, ಅಂಟು ಕೂರುತ್ತದೆ.

ಎಷ್ಟು ದಿನಕ್ಕೊಮ್ಮೆ? ಪೂರ್ತಿಯಾ ಮಧ್ಯಕ್ಕಾ, ರೆನ್‌ಫ್ರೂನಾ ಹೌವೀಸಾ ಅನ್ನುವ ವಾದಗಳಿಗಿಂತ ಈ ಪ್ರಶ್ನೆ ದೊಡ್ಡದು ಅನ್ನುವುದು ನನ್ನ ಅನುಭವ. ಎಳೆ ಎದ್ದ, ನೀರು ಕುಡಿದ, ಕೆಳ ಅಂಚು ಹರಿದ ಟೇಪ್ ಯಾವ ಕಂಪನಿಯದಾದರೂ ಒಂದೇ. ಒಂದು ಶಾಟ್ ಹಿಡಿಯುತ್ತದೆ, ಇನ್ನೊಂದು ಜಾರುತ್ತದೆ, ಮಗುವಿಗೆ ತಪ್ಪು ತನ್ನದೋ ಟೇಪಿನದೋ ಗೊತ್ತಾಗುವುದಿಲ್ಲ. ವಾರಕ್ಕೆ ಮೂರು ಸಲ ಐಸ್‌ಗೆ ಇಳಿಯುವ ಮಕ್ಕಳಿಗೆ ಎರಡು ವಾರ ಅಂದ್ರೆ ಜಾಸ್ತಿಯೇ. ದುಬಾರಿ ಟೇಪನ್ನು ತಿಂಗಳು ಎಳೆಯುವುದಕ್ಕಿಂತ ಅಗ್ಗದ್ದನ್ನು ಎರಡು ವಾರಕ್ಕೆ ಬದಲಿಸಿ.

ಬದಲಿಸುವ ಮುಂಚೆ ಮಾತ್ರ ಒಂದು ಕೆಲಸ ಮಾಡಿ. ಎರಡು ವಾರ ಬಿಳಿ ಟೇಪ್ ಪೂರ್ತಿ ಸುತ್ತಿ ಆಡಿಸಿ, ಬಿಚ್ಚುವ ಮುಂಚೆ ಬ್ಲೇಡಿನ ಮುಖದ ಒಂದು ಫೋಟೋ ತೆಗೆಯಿರಿ. ಕಪ್ಪು ಗುರುತು ನಡುವೆ ಮತ್ತು ತುದಿಯ ಕಡೆಗೇ ಗುಂಪಾಗಿದ್ದರೆ ಮುಂದಿನ ಸಲ ಮಧ್ಯಕ್ಕೆ ಮಾತ್ರ ಸುತ್ತಿ ನೋಡಬಹುದು. ಬ್ಲೇಡಿನ ತುಂಬ ಚೆಲ್ಲಾಪಿಲ್ಲಿ ಇದ್ದರೆ ಪೂರ್ತಿಯೇ ಮುಂದುವರಿಸಿ. ಹೀಲ್ ಹತ್ತಿರ ಮಾತ್ರ ಕಪ್ಪಾಗಿದ್ದರೆ, ನಮ್ಮ ಮಗಳದ್ದು ಹಾಗಿತ್ತು, ಅಂಗಡಿಗೆ ಹೋಗಬೇಡಿ. ಆ ಫೋಟೋ ಕೋಚ್‌ಗೆ ತೋರಿಸಿ. ಪಕ್ ಮೈಗೆ ತೀರಾ ಹತ್ತಿರ ಇಟ್ಟುಕೊಂಡು ಹೊಡೆಯುತ್ತಿದ್ದಾಳೆ ಅಂತ ಅವರು ನೋಡಿದ ಕೂಡಲೇ ಹೇಳಿದರು.